ಗೆಲಕ್ಸಿಗಳ ನಡುವಿನ ಹೈಡ್ರೊಜನ್‌ಗೆ ಏನಾಯಿತು?

ಗೆಲಕ್ಸಿಗಳ ನಡುವೆ ಏನೂ ಇಲ್ಲವೆಂದು ನಿಮಗೆ ಅನ್ನಿಸಬಹುದು. ಅಲ್ಲಿಯೂ ಅನಿಲವಿದೆ, ಆದರೆ ಅತ್ಯಂತ ವಿರಳ. ಇಂದಿನ ವಿಶ್ವದ ಸಾಮಾನ್ಯ ದ್ರವ್ಯವನ್ನೆಲ್ಲ ಸಮನಾಗಿ ಹರಡಿದರೆ ನಾಲ್ಕು ಘನ ಮೀಟರಿಗೆ ಸುಮಾರು ಒಂದು ಪ್ರೋಟಾನ್ ಸಿಗುತ್ತದೆ. ಇಂಥ ಅನಿಲದ ಸ್ಥಿತಿಯನ್ನು ತಿಳಿಯುವುದು ಹೇಗೆ?

1965ರಲ್ಲಿ ಜೇಮ್ಸ್ ಗನ್ ಮತ್ತು ಬ್ರೂಸ್ ಪೀಟರ್ಸನ್ ಒಂದು ಸರಳ ವಾದವನ್ನು ಮುಂದಿಟ್ಟರು. ತಟಸ್ಥ ಹೈಡ್ರೊಜನ್ ಪರಮಾಣು 121.6 ನ್ಯಾನೊಮೀಟರ್ ತರಂಗದೂರದ ಬೆಳಕನ್ನು ಹೀರುತ್ತದೆ. ದೂರದ ಕ್ವೇಸಾರ್‌ನಿಂದ 110 ನ್ಯಾನೊಮೀಟರ್ ತರಂಗದೂರದ ಬೆಳಕು ಹೊರಟಿತೆನ್ನಿ. ವಿಶ್ವ ವ್ಯಾಕೋಚಿಸುತ್ತಿರುವುದರಿಂದ ಅದರ ತರಂಗದೂರ ಹೆಚ್ಚುತ್ತ, ದಾರಿಯಲ್ಲಿ ಒಂದೆಡೆ 121.6 ಆಗುತ್ತದೆ. ಅಲ್ಲಿ ತಟಸ್ಥ ಹೈಡ್ರೊಜನ್ ಸಾಕಷ್ಟಿದ್ದರೆ ಬೆಳಕಿನ ಪಯಣ ಅಲ್ಲಿಗೇ ಮುಗಿಯಿತು. ಆದರೆ ಅವರು ಪರಿಶೀಲಿಸಿದ ಕ್ವೇಸಾರ್‌ನ ಬೆಳಕು ಪೂರ್ತಿ ಮರೆಯಾಗಿರಲಿಲ್ಲ. ಎಂದರೆ ಅನಿಲ ಬಹುಮಟ್ಟಿಗೆ ಪ್ರೋಟಾನ್, ಎಲೆಕ್ಟ್ರಾನ್‌ಗಳಾಗಿ ಒಡೆದಿರಬೇಕು.

ಇಲ್ಲಿಯೇ ಒಂದು ಸಮಸ್ಯೆ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ಅನಂತರ ವಿಶ್ವದ ತಾಪ 3000 ಕೆಲ್ವಿನ್‌ಗೆ ಇಳಿದು, ಪ್ರೋಟಾನ್ ಎಲೆಕ್ಟ್ರಾನ್‌ಗಳು ಕೂಡಿ ತಟಸ್ಥ ಪರಮಾಣುಗಳಾಗಿದ್ದವು. ಹಾಗಾದರೆ ಅವನ್ನು ಮತ್ತೆ ಒಡೆದವರು ಯಾರು?

ಹೈಡ್ರೊಜನ್ ಪರಮಾಣುವನ್ನು ಅಯಾನೀಕರಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 91.2 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಅತಿನೇರಳೆ ಕಿರಣಗಳಿಗೆ ಆ ಸಾಮರ್ಥ್ಯವಿದೆ. ಮೊದಲ ಗೆಲಕ್ಸಿಗಳ ಬಿಸಿಯಾದ, ಭಾರಿ ನಕ್ಷತ್ರಗಳು ಇಂಥ ಕಿರಣಗಳನ್ನು ಸೂಸಿದವು. ಪ್ರತಿ ಗೆಲಕ್ಸಿಯ ಸುತ್ತ ಅಯಾನೀಕೃತ ಅನಿಲದ ಗುಳ್ಳೆಯೊಂದು ಬೆಳೆಯಿತು. ಗುಳ್ಳೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಂಡವು. ಇದೇ ಮರು ಅಯಾನೀಕರಣ.

2001ರಲ್ಲಿ ಖಗೋಳಜ್ಞರು 6.28 ಕೆಂಪು ಪಲ್ಲಟದ ಕ್ವೇಸಾರ್ ಒಂದರ ರೋಹಿತದಲ್ಲಿ, ಗನ್ ಮತ್ತು ಪೀಟರ್ಸನ್ ಊಹಿಸಿದ್ದಂತೆಯೇ, ಬೆಳಕು ಪೂರ್ತಿ ಇಲ್ಲವಾದ ಭಾಗವನ್ನು ಕಂಡರು. ಮರು ಅಯಾನೀಕರಣ ಕೊನೆಗೊಂಡದ್ದು ಮಹಾಸ್ಫೋಟದ ಸುಮಾರು 100 ಕೋಟಿ ವರ್ಷಗಳ ಅನಂತರ ಎಂಬುದು ಇಂಥ ವೀಕ್ಷಣೆಗಳಿಂದ ತಿಳಿದ ಸಂಗತಿ. ಆದರೆ ಎಚ್ಚರಿಕೆ! ಆ ಕಾಲದ ಅನಿಲದಲ್ಲಿ ಹತ್ತು ಸಾವಿರಕ್ಕೆ ಒಂದು ಪರಮಾಣು ತಟಸ್ಥವಾಗಿದ್ದರೂ ಬೆಳಕು ಪೂರ್ತಿ ಹೀರಿಹೋಗುತ್ತದೆ. ಆದ್ದರಿಂದ ಕತ್ತಲೆ ಕಂಡ ಮಾತ್ರಕ್ಕೆ ಅನಿಲವೆಲ್ಲ ತಟಸ್ಥವಾಗಿತ್ತು ಎನ್ನುವಂತಿಲ್ಲ.

ತಟಸ್ಥ ಹೈಡ್ರೊಜನನ್ನೇ ನೇರವಾಗಿ ಗುರುತಿಸುವ ಇನ್ನೊಂದು ದಾರಿ ಅದರ 21 ಸೆಂಟಿಮೀಟರ್ ರೇಡಿಯೊ ತರಂಗ. ಇದರ ಆವೃತ್ತಿ 1420 ಮೆಗಾಹರ್ಟ್ಸ್. ಮೊದಲ ನಕ್ಷತ್ರಗಳ ಕಾಲದಿಂದ ಇಲ್ಲಿಯವರೆಗೆ ವಿಶ್ವ 18 ಪಟ್ಟು ಹಿಗ್ಗಿದ್ದರೆ ಆವೃತ್ತಿ ಎಷ್ಟಾಗುತ್ತದೆ? ಭಾಗಿಸಿ ನೋಡಿ, ಸುಮಾರು 79 ಮೆಗಾಹರ್ಟ್ಸ್! 2018ರಲ್ಲಿ, ಆಸ್ಟ್ರೇಲಿಯದಲ್ಲಿ ಉಪಕರಣವಿರಿಸಿದ್ದ ಅಮೆರಿಕದ ತಂಡವೊಂದು 78 ಮೆಗಾಹರ್ಟ್ಸ್ ಬಳಿ ಇಂಥ ಸಂಕೇತ ಸಿಕ್ಕಿತೆಂದು ಪ್ರಕಟಿಸಿತು. ಅದು ನಿರೀಕ್ಷೆಗಿಂತ ಬಹಳ ಪ್ರಬಲವಾಗಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಪರೀಕ್ಷಿಸಲು 2020ರಲ್ಲಿ 'ಸರಸ್ 3' ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದರು. ನೀರಿನ ಮೇಲೆ ಏಕೆ? ನೆಲದಡಿಯ ಪದರಗಳು ಒಂದೇ ಬಗೆಯಾಗಿರದೆ ಅಳತೆಯನ್ನು ಕೆಡಿಸುತ್ತವೆ. ನೀರು ಎಲ್ಲೆಡೆ ಒಂದೇ ಸಮ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಆ ಸಂಕೇತ ಕಾಣಲಿಲ್ಲ. ವಿಶ್ವದ ಉಗಮಕಾಲದ ದೊಡ್ಡ ಹೇಳಿಕೆಯೊಂದನ್ನು ನಮ್ಮ ಕೆರೆಯ ನೀರಿನ ಮೇಲೆ ಒರೆಗೆ ಹಚ್ಚಿದ ಈ ಸಂಗತಿಯನ್ನು ನಿಮ್ಮ ತರಗತಿಯಲ್ಲಿ ಹೇಳಿ. ವಿಜ್ಞಾನ ನಡೆಯುವುದು ಹೀಗೆಯೇ.