ಕೆಲಸ ಬಿಡದೆ ಪಿಎಚ್.ಡಿ.: ಗುಜರಾತಿನ ಮೂರು ಊರುಗಳು ಹೇಳುವ ದಾರಿ

ಎಂ.ಎಸ್.ಡಬ್ಲ್ಯು. ಮುಗಿಸಿ ಸ್ವಯಂಸೇವಾ ಸಂಸ್ಥೆಯಲ್ಲೋ ಆಸ್ಪತ್ರೆಯಲ್ಲೋ ಹತ್ತಾರು ವರ್ಷ ದುಡಿದವರಿಗೆ ಒಂದು ಹಂತದಲ್ಲಿ ಪಿಎಚ್.ಡಿ. ಮಾಡುವ ಆಸೆ ಮೂಡುತ್ತದೆ. ಕಾಲೇಜಿನಲ್ಲಿ ಪಾಠ ಹೇಳುವ ಹಂಬಲ ಒಂದು ಕಾರಣ. ಇಷ್ಟು ವರ್ಷ ಕಣ್ಣಾರೆ ಕಂಡದ್ದನ್ನು ಕ್ರಮವಾಗಿ ಬರೆದಿಡಬೇಕೆಂಬ ತುಡಿತ ಅದಕ್ಕಿಂತ ದೊಡ್ಡದು. ಆದರೆ ಸಂಬಳ ಬಿಡುವಂತಿಲ್ಲ, ಮಕ್ಕಳಿನ್ನೂ ಚಿಕ್ಕವರು, ವಿಶ್ವವಿದ್ಯಾಲಯ ಇರುವ ಊರು ದೂರ. ಇಂಥವರನ್ನೇ ಹುಡುಕಿಕೊಂಡು ಫೋನಿಗೆ ಜಾಹೀರಾತು ಬರುತ್ತದೆ: ಆನ್‌ಲೈನ್ ಡಾಕ್ಟರೇಟ್, ವಿದೇಶಿ ವಿಶ್ವವಿದ್ಯಾಲಯದ ಪ್ರಮಾಣಪತ್ರ, ಕಂತಿನಲ್ಲಿ ಶುಲ್ಕ.

ಇಂಥ ಪದವಿಗೆ ಭಾರತದಲ್ಲಿ ಮಾನ್ಯತೆ ಇಲ್ಲ. 2022ರ ಅಕ್ಟೋಬರ್ ಕೊನೆಯಲ್ಲಿ ಯುಜಿಸಿ ಮತ್ತು ಎಐಸಿಟಿಇ ಜಂಟಿಯಾಗಿ ಈ ಎಚ್ಚರಿಕೆ ಕೊಟ್ಟವು. ಎಜುಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜತೆ ಸೇರಿ ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮರುಳಾಗಬೇಡಿ ಎಂದವು. ಮರುತಿಂಗಳು ಹೊರಬಂದ ಪಿಎಚ್.ಡಿ. ನಿಯಮಾವಳಿ, ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಈ ಪದವಿ ಕೊಡುವಂತಿಲ್ಲ ಎಂದು ನೇರವಾಗಿಯೇ ಬರೆಯಿತು. ಅಮೆರಿಕದ ಕತೆ ಬೇರೆ. ಟೆನೆಸಿ, ಸದರ್ನ್ ಕ್ಯಾಲಿಫೋರ್ನಿಯಾದಂಥ ವಿಶ್ವವಿದ್ಯಾಲಯಗಳು ಡಿ.ಎಸ್.ಡಬ್ಲ್ಯು. ಎಂಬ ವೃತ್ತಿಪರ ಡಾಕ್ಟರೇಟನ್ನು ಆನ್‌ಲೈನಿನಲ್ಲೇ ಕೊಡುತ್ತವೆ. ಅಲ್ಲಿಯೇ ನೆಲೆಸಿ, ಅಲ್ಲಿಯೇ ಸಮಾಜಕಾರ್ಯ ಮಾಡುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಮೈಸೂರಿನಲ್ಲೋ ವಡೋದರಾದಲ್ಲೋ ಅಧ್ಯಾಪಕ ಹುದ್ದೆ ಬಯಸುವವರು ಅದನ್ನು ನೆಚ್ಚಿಕೊಳ್ಳಬಾರದು.

ನಿಯಮ ಕಠಿಣ ಅನ್ನಿಸಬಹುದು. ಸಮಾಜಕಾರ್ಯದ ಮಟ್ಟಿಗೆ ಅದು ಸರಿಯಾದ ನಿಯಮ. ಯಾಕೆಂದು ತಿಳಿಯಲು ಗುಜರಾತಿನ ಮೂರು ಊರುಗಳನ್ನು ನೋಡಬೇಕು.

ಮೊದಲನೆಯದು ವಡೋದರಾ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ 1949ರಲ್ಲಿ ಆರಂಭವಾಯಿತು. ಅದರ ಸಮಾಜಕಾರ್ಯ ನಿಕಾಯ ದೇಶದ ಹಳೆಯ ಸಮಾಜಕಾರ್ಯ ಶಾಲೆಗಳಲ್ಲೊಂದು. ಅದೇ ವಿಶ್ವವಿದ್ಯಾಲಯಕ್ಕೆ 1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಬಂದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿ, 1959ರವರೆಗೆ ಅಲ್ಲಿದ್ದು ದೆಹಲಿಗೆ ಹೋದರು. ಹಳೆಯ ಗ್ರಂಥಗಳಲ್ಲಿ ಬರೆದಿರುವ ಜಾತಿಯೇ ಬೇರೆ, ಹಳ್ಳಿಯಲ್ಲಿ ಬದುಕುವ ಜಾತಿಯೇ ಬೇರೆ; ಎರಡನೆಯದನ್ನು ನೋಡಬೇಕಾದರೆ ಹಳ್ಳಿಗೆ ಹೋಗಿ ಇರಬೇಕು ಎನ್ನುವುದು ಅವರ ನಿಲುವು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಅವರು ಹಾಗೇ ಇದ್ದರು. ಬರಹಗಳಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಆ ಹಳ್ಳಿಯ ಬಗ್ಗೆ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳೆಲ್ಲ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಆ ಹಳ್ಳಿಯಲ್ಲಿ ಬದುಕಿರದಿದ್ದರೆ ಬೆಂಕಿಯ ನಂತರ ಬರೆಯಲು ಅವರಲ್ಲಿ ಏನೂ ಉಳಿಯುತ್ತಿರಲಿಲ್ಲ.

ವಡೋದರಾದಲ್ಲಿ ಶ್ರೀನಿವಾಸರ ಸಹೋದ್ಯೋಗಿಯಾಗಿದ್ದ ಐ.ಪಿ. ದೇಸಾಯಿ ಮುಂದೆ ಸೂರತ್‌ಗೆ ಹೋದರು. ಅವರು 1969ರಲ್ಲಿ ಹುಟ್ಟುಹಾಕಿದ ಸಂಶೋಧನಾ ಕೇಂದ್ರವೇ ಇಂದಿನ ಸೆಂಟರ್ ಫಾರ್ ಸೋಶಿಯಲ್ ಸ್ಟಡೀಸ್. ನರ್ಮದಾ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಪುನರ್ವಸತಿ ಹೇಗೆ ನಡೆಯಿತೆಂದು ವರ್ಷಗಟ್ಟಲೆ ಗಮನಿಸಿ ವರದಿ ಬರೆದ ಸಂಸ್ಥೆ ಅದು.

ಸೂರತ್‌ನಲ್ಲಿ ಮನೆಯಲ್ಲೇ ಕೂತು ಸಂಶೋಧನೆ ಮಾಡುವುದು ಎಂದರೇನು ಎಂದು ಯೋಚಿಸಿ. ಅಲ್ಲಿನ ಪವರ್‌ಲೂಮ್‌ಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆಯ ಪಾಳಿ. ಹಗಲು ದುಡಿದವರು ಬಂದು ಮಲಗುವ ಹೊತ್ತಿಗೆ ರಾತ್ರಿ ಪಾಳಿಯವರು ಅದೇ ಕೋಣೆಯಿಂದ ಎದ್ದು ಹೋಗುತ್ತಾರೆ. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದವರನ್ನು ವಿಡಿಯೊ ಕಾಲ್‌ನಲ್ಲಿ ಮಾತನಾಡಿಸುವುದು ಹೇಗೆ? ಮಾಲೀಕನ ಆಳು ಪಕ್ಕದಲ್ಲೇ ನಿಂತಿದ್ದರೆ ಕೂಲಿಯ ವಿಚಾರ ಯಾರು ಬಾಯಿಬಿಡುತ್ತಾರೆ? ಡಚ್ ಸಮಾಜವಿಜ್ಞಾನಿ ಯಾನ್ ಬ್ರೆಮನ್ 1960ರ ದಶಕದ ಆರಂಭದಲ್ಲಿ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದರು. ದಶಕಗಳ ಕಾಲ ಮತ್ತೆ ಮತ್ತೆ ಬಂದರು. ನೆಲೆಯಿಲ್ಲದೆ ಅಲೆಯುವ ಕೂಲಿಗಳ ಬಗ್ಗೆ ಅವರು ಬರೆದದ್ದು ಇಂದಿಗೂ ನಿಂತಿರುವುದು ಹೀಗೆ ಮರಳಿ ಮರಳಿ ಬಂದದ್ದರಿಂದ.

ಅಹಮದಾಬಾದಿನಲ್ಲಿ ಇನ್ನೂ ಮುಂಚಿನಿಂದ ಉದಾಹರಣೆಗಳಿವೆ. ಗಿರಣಿ ಮಾಲೀಕರ ಮನೆತನದ ಅನಸೂಯಾ ಸಾರಾಭಾಯಿ 1912ರಲ್ಲಿ ಇಂಗ್ಲೆಂಡಿಗೆ ಹೋಗಿ ಓದಿದರು. ಹಿಂದಿರುಗಿ ಕೂಲಿಕಾರರ ಕೇರಿಗಳಲ್ಲಿ ಕೆಲಸಕ್ಕೆ ನಿಂತರು. 1918ರ ಗಿರಣಿ ಮುಷ್ಕರದಲ್ಲಿ ಗಾಂಧೀಜಿಯ ಜತೆಗಿದ್ದರು. ಎದುರಿಗಿದ್ದ ಮಾಲೀಕರಲ್ಲಿ ಸ್ವಂತ ಸಹೋದರ ಅಂಬಾಲಾಲರೂ ಇದ್ದರು. 1920ರಲ್ಲಿ ಹುಟ್ಟಿದ ಗಿರಣಿ ಕಾರ್ಮಿಕರ ಸಂಘ ಮಜೂರ್ ಮಹಾಜನದಲ್ಲೇ ಮುಂದೆ ವಕೀಲೆಯಾಗಿ ಸೇರಿದವರು ಇಳಾ ಭಟ್. ಗಿರಣಿ ಮುಚ್ಚಿ ಕೆಲಸ ಹೋದ ಕುಟುಂಬಗಳ ಸಮೀಕ್ಷೆಗೆ ಹೋದಾಗ ಅವರಿಗೆ ಕಂಡದ್ದು, ಮನೆ ನಡೆಸುತ್ತಿರುವವರು ಹೆಂಗಸರು. ತಲೆಹೊರೆ ಹೊತ್ತು, ಬಟ್ಟೆ ಹೊಲಿದು, ತರಕಾರಿ ಮಾರಿ. ಆ ದುಡಿಮೆ ಯಾವ ಕಾರ್ಮಿಕ ಕಾನೂನಿನ ಲೆಕ್ಕಕ್ಕೂ ಬಂದಿರಲಿಲ್ಲ. 1972ರ ‘ಸೇವಾ’ ಸಂಘಟನೆ ಹುಟ್ಟಿದ್ದು ಇಂಥ ಅರಿವಿನಿಂದ. ಮಾಲೀಕನೇ ಇಲ್ಲದ ಸಂಘ ಎಂಥ ಸಂಘ ಎಂದು ಅಧಿಕಾರಿಗಳು ನೋಂದಣಿಗೆ ತಕರಾರು ತೆಗೆದರು. ಇಳಾಬೆನ್ ಪಟ್ಟು ಬಿಡಲಿಲ್ಲ.

ಹಾಗಾದರೆ ಕೆಲಸದಲ್ಲಿ ಇರುವವರು ಏನು ಮಾಡಬೇಕು? ದಾರಿ ಇದೆ. ಜಾಹೀರಾತುಗಳು ಅದನ್ನು ಹೇಳುವುದಿಲ್ಲ, ಅಷ್ಟೇ. 2022ರ ಅದೇ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಆ ಪತ್ರದಲ್ಲಿ ಇರಬೇಕು. ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷ ಸಿಗಬಹುದು. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಉಂಟು. ಮೌಖಿಕ ಪರೀಕ್ಷೆಯನ್ನು ಆನ್‌ಲೈನಿನಲ್ಲೂ ನಡೆಸಬಹುದು.

ಆನ್‌ಲೈನಿನಿಂದ ನಿಜವಾದ ಉಪಕಾರವೂ ಆಗಿದೆ, ಅದೂ ಗುಜರಾತಿನಿಂದಲೇ. ಅಹಮದಾಬಾದಿನ ಪಕ್ಕದ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಧಾರವಾಡದ್ದೂ ಇದೆ, ಮೈಸೂರಿನದೂ ಇದೆ. ವಿಷಯ ಆರಿಸುವ ಮೊದಲು ಅಲ್ಲಿ ಒಂದು ವಾರ ಕಳೆದರೆ ಬೇರೆಯವರು ಮಾಡಿ ಮುಗಿಸಿದ್ದನ್ನು ಮತ್ತೆ ಮಾಡುವುದು ತಪ್ಪುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಪ್ರಾಧ್ಯಾಪಕರಿಗೆ ಒಮ್ಮೆಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಗೈಡ್ ಸಿಗುವುದೇ ಕಷ್ಟವಾದಾಗ ಅರೆಕಾಲಿಕ ಅಭ್ಯರ್ಥಿ ಹಿಂದೆ ಬೀಳುತ್ತಾರೆ. ಆದರೆ ಹದಿನೈದು ವರ್ಷ ಕೇರಿಗಳಲ್ಲಿ ಓಡಾಡಿದ ಕಾರ್ಯಕರ್ತೆ ತರುವ ಅನುಭವ ಬೇರೆಯವರಲ್ಲಿ ಇರುವುದಿಲ್ಲ. ವಿಶ್ವವಿದ್ಯಾಲಯಗಳು ಕೋರ್ಸ್‌ವರ್ಕನ್ನು ಶನಿವಾರ, ಭಾನುವಾರಗಳಲ್ಲಿ ಇಟ್ಟುಕೊಳ್ಳಲಿ. ಸಂಸ್ಥೆಗಳು ನಿರಾಕ್ಷೇಪಣಾ ಪತ್ರಕ್ಕೆ ಅಲೆದಾಡಿಸದಿರಲಿ. ಅಷ್ಟಾದರೆ ಆನ್‌ಲೈನ್ ಜಾಹೀರಾತಿಗೆ ಸಿಕ್ಕಿಬೀಳುವವರು ಕಡಿಮೆಯಾಗುತ್ತಾರೆ.

ಸೇರುವವರಿಗೆ ಕೊನೆಯದಾಗಿ ಒಂದು ಮಾತು. ನಿಯಮ ಪಾಲಿಸದೆ ಪಿಎಚ್.ಡಿ. ಕೊಟ್ಟ ರಾಜಸ್ಥಾನದ 3 ವಿಶ್ವವಿದ್ಯಾಲಯಗಳಿಗೆ 2025ರ ಜನವರಿಯಲ್ಲಿ ಯುಜಿಸಿ 5 ವರ್ಷ ಪಿಎಚ್.ಡಿ. ಪ್ರವೇಶ ನಿಷೇಧಿಸಿತು. ಆದ್ದರಿಂದ ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯದ ಹೆಸರನ್ನು ಯುಜಿಸಿ ಜಾಲತಾಣದಲ್ಲಿ ನೋಡಿ, ಗೈಡ್ ಯಾರೆಂದು ಕೇಳಿ, ಅವರ ಜತೆ ಮುಖಾಮುಖಿ ಕೂತು ಮಾತನಾಡಿ ಬನ್ನಿ.