ಉಲ್ಟಾ ಹರಿದರೆ?

ಉದ್ದನೆಯ ಮೇಜಿನ ಮೇಲೆ ಹಾಸಿದ ನಕ್ಷೆ. ಪ್ಲಾಂಟಿನ ಪ್ರತಿ ಪೈಪು, ಪ್ರತಿ ವಾಲ್ವು, ಪ್ರತಿ ಪಂಪು ಅದರಲ್ಲಿ ಗೆರೆಯಾಗಿ ಕೂತಿದೆ. ಸುತ್ತ ಏಳೆಂಟು ಜನ. ಡಿಸೈನ್ ಮಾಡಿದವರು, ಪ್ರೊಡಕ್ಷನ್‌ನವರು, ಮೇಂಟೆನೆನ್ಸ್‌ನವರು, ಇನ್‌ಸ್ಟ್ರುಮೆಂಟ್‌ನವರು, ತುದಿಯ ಕುರ್ಚಿಯಲ್ಲಿ ಒಬ್ಬ ಶಿಫ್ಟ್ ಆಪರೇಟರ್. ಸಭೆ ನಡೆಸುವವರು ಹಳದಿ ಪೆನ್ನಿನಿಂದ ಒಂದು ಗೆರೆಯನ್ನು ಎಳೆಯುತ್ತಾ ಹೋಗಿ ಕೇಳುತ್ತಾರೆ: “ರಿಯಾಕ್ಟರಿಗೆ ಹೋಗೋ ಕೂಲಿಂಗ್ ವಾಟರ್. ಹರಿವು ಇಲ್ಲ. ಯಾಕಿಲ್ಲ?” ಪಂಪು ನಿಂತಿರಬಹುದು. ಕರೆಂಟ್ ಹೋಗಿರಬಹುದು. ಸ್ಟ್ರೈನರಿನಲ್ಲಿ ಕಸ ಕಟ್ಟಿರಬಹುದು. ರಿಪೇರಿಗೆಂದು ಮುಚ್ಚಿದ ವಾಲ್ವನ್ನು ಮತ್ತೆ ಯಾರೂ ತೆರೆಯದೇ ಇರಬಹುದು. “ಆಮೇಲೆ ಏನಾಗುತ್ತೆ? ಯಾರಿಗೆ ಗೊತ್ತಾಗುತ್ತೆ? ಎಷ್ಟು ಹೊತ್ತಿಗೆ?” ಎಲ್ಲ ಬರೆದುಕೊಂಡ ಮೇಲೆ ಅದೇ ಗೆರೆಗೆ ಮುಂದಿನ ಪದ: ಹೆಚ್ಚು. ಅದಾದ ಮೇಲೆ ಕಡಿಮೆ. ಆಮೇಲೆ, ಉಲ್ಟಾ ಹರಿದರೆ?

ಇದಕ್ಕೆ ಹ್ಯಾಝಾಪ್ ಎನ್ನುತ್ತಾರೆ. ಒಂದು ಪ್ಲಾಂಟಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊರಗಿನವರಿಗೆ ಬೇಸರದ ಕೆಲಸವೆನಿಸೀತು. ಆದರೆ ಆಸಿಡ್, ಕ್ಲೋರಿನ್, ಸಾಲ್ವೆಂಟುಗಳ ನಡುವೆ ಎಂಟು ಗಂಟೆ ಕಳೆದು ಮನೆಗೆ ಮರಳುವವರ ಕ್ಷೇಮಕ್ಕೆ ಇಷ್ಟು ತಾಳ್ಮೆಯಿಂದ ದುಡಿಯುವ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ.

ಇದು ಹುಟ್ಟಿದ್ದು ಸುರಕ್ಷತೆಯ ಹೆಸರಿನಲ್ಲಿ ಅಲ್ಲ. 1963ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಕ್ಯೂಮೀನ್‌ನಿಂದ ಫೀನಾಲ್ ಮತ್ತು ಅಸಿಟೋನ್ ತಯಾರಿಸುವ ಪ್ಲಾಂಟಿನ ನಕ್ಷೆ ಹಾಕುತ್ತಿತ್ತು. ಆದಷ್ಟು ಕಡಿಮೆ ಬಂಡವಾಳದಲ್ಲಿ ಕಟ್ಟಬೇಕೆಂಬ ಒತ್ತಡ ಎಲ್ಲೆಡೆ ಇದ್ದ ಕಾಲ. ನಕ್ಷೆಯಿಂದ ಒಂದೊಂದನ್ನೇ ತೆಗೆಯುತ್ತಾ ಹೋಗಿ, ಕೊನೆಗೆ ಬೇಕಾದ್ದನ್ನೂ ತೆಗೆದುಬಿಟ್ಟಿದ್ದೇವೆಯೇ ಎಂಬ ಅಳುಕು ಕೆಲವರಲ್ಲಿ ಮೂಡಿತು. ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಆಗಷ್ಟೇ ಒಂದು ವರ್ಷ ವರ್ಕ್ ಸ್ಟಡಿ ವಿಭಾಗದಲ್ಲಿದ್ದು ಬಂದವರು. ಒಂದು ಕೆಲಸವನ್ನು ಬಿಡಿಸಿಟ್ಟು, ಇದರಿಂದ ಏನು ಸಾಧ್ಯವಾಗುತ್ತಿದೆ, ಹೇಗೆ, ಬೇರೆ ರೀತಿಯಲ್ಲಿ ಮಾಡಲಾಗದೇ ಎಂದು ಸಾಲಾಗಿ ಕೇಳುತ್ತಾ ಹೋಗುವ ಪದ್ಧತಿ ಆ ವಿಭಾಗದ್ದು. ಸಮಯ, ಶ್ರಮ ಉಳಿಸುವುದಕ್ಕೆ ಬಳಸುತ್ತಿದ್ದ ಆ ಪ್ರಶ್ನೆಗಳನ್ನು ಅವರು ಈ ನಕ್ಷೆಗೆ ಹಚ್ಚಿ ನೋಡಿದರು. ಇನ್ನಷ್ಟು ಹಣ ಸಿಗುವುದಾದರೆ ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯುವುದಷ್ಟೇ ಉದ್ದೇಶ.

1964ರಲ್ಲಿ ಒಂದು ತಂಡ ವಾರಕ್ಕೆ ಮೂರು ಪೂರ್ತಿ ದಿನಗಳಂತೆ ನಾಲ್ಕು ತಿಂಗಳು ಕೂತಿತು. ರಾಶಿ ಕಾಗದ ತುಂಬಿತು. ಯಾರೂ ಊಹಿಸದಿದ್ದ ಅಪಾಯಗಳು ಒಂದರ ಹಿಂದೊಂದು ಹೊರಬಿದ್ದವು. ಪ್ರಶ್ನೆಗಳೂ ಸವೆಯುತ್ತಾ ಬಂದು, ಕೊನೆಗೆ ಬೆರಳೆಣಿಕೆಯ ಪದಗಳಾಗಿ ನಿಂತವು. ಇಲ್ಲ, ಹೆಚ್ಚು, ಕಡಿಮೆ, ಉಲ್ಟಾ. ಇರಬೇಕಾದ್ದರ ಜೊತೆಗೆ ಇನ್ನೇನೋ ಬಂದರೆ, ಇರಬೇಕಾದ್ದರಲ್ಲಿ ಅರ್ಧವಷ್ಟೇ ಬಂದರೆ, ಅದರ ಬದಲು ಬೇರೇನೋ ಬಂದರೆ. ಹರಿವು, ಒತ್ತಡ, ಉಷ್ಣತೆ, ಮಟ್ಟ ಇವುಗಳ ಮುಂದೆ ಈ ಪದಗಳನ್ನು ಇಡುತ್ತಾ ಹೋದರೆ ಆಯಿತು. ಫೀನಾಲ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ವಸ್ತು. ‘ಉಷ್ಣತೆ ಕಡಿಮೆ’ ಎಂಬ ಎರಡು ಪದ ಸಾಕು, ಚಳಿಗಾಲದ ರಾತ್ರಿ ಕಟ್ಟಿಕೊಂಡ ಪೈಪು ಕಣ್ಣ ಮುಂದೆ ಬರುತ್ತದೆ.

ಈ ಪದ್ಧತಿಯನ್ನು ಕಂಪನಿಯ ಆಚೆಗೆ ದಾಟಿಸಿದವರಲ್ಲಿ ಟ್ರೆವರ್ ಕ್ಲೆಟ್ಜ್ ಮುಖ್ಯರು. 1944ರಲ್ಲಿ ಐಸಿಐ ಸೇರಿದ ಈ ರಸಾಯನಶಾಸ್ತ್ರಜ್ಞರು 1968ರಲ್ಲಿ ಅಲ್ಲಿನ ತಾಂತ್ರಿಕ ಸುರಕ್ಷತಾ ಸಲಹೆಗಾರರಾದರು. ಅಪಘಾತಗಳ ಕಥೆಗಳನ್ನು ಬಿಡದೆ ಬರೆದು ಸುರಕ್ಷತಾ ಪತ್ರಿಕೆಯಾಗಿ ಹಂಚಿದರು. ಯಾರು ತಪ್ಪು ಮಾಡಿದರು ಎನ್ನುವುದಕ್ಕಿಂತ, ಆ ತಪ್ಪು ಅಷ್ಟು ಸುಲಭವಾಗಿ ಆಗುವಂತೆ ಪ್ಲಾಂಟನ್ನು ಏಕೆ ಕಟ್ಟಿದ್ದೆವು ಎಂಬುದೇ ಅವರಿಗೆ ಮುಖ್ಯವಾಗಿತ್ತು. ಹಲವು ದಶಕ ಹೀಗೆ ಬರೆದ ಮೇಲೆ ಅವರನ್ನು ಹೆಚ್ಚು ಕಾಡಿದ್ದು ಸಂಸ್ಥೆಗಳ ಮರೆವು. ಒಂದು ಅಪಘಾತದಿಂದ ಕಲಿತದ್ದು ಹತ್ತು ವರ್ಷದೊಳಗೆ, ಕಲಿತವರ ವರ್ಗಾವಣೆ, ನಿವೃತ್ತಿಯ ಜೊತೆಗೇ ಕಾರ್ಖಾನೆಯಿಂದ ಹೊರಟುಹೋಗುತ್ತದೆ ಎಂದು ಅವರು ಮತ್ತೆ ಮತ್ತೆ ಎಚ್ಚರಿಸಿದರು.

ನಕ್ಷೆಯನ್ನು ಒಮ್ಮೆ ಜಾಲಾಡಿದರೆ ಸಾಲದು ಎಂಬುದು ತಿಳಿಯಲು 28 ಜೀವಗಳು ಹೋಗಬೇಕಾಯಿತು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬ ಹಳ್ಳಿಯ ಬಳಿ ನೈಲಾನ್‌ಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ತಯಾರಿಸುವ ಕಾರ್ಖಾನೆಯಿತ್ತು. ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ತುಸು ತಗ್ಗಿನಲ್ಲಿ ಆರು ರಿಯಾಕ್ಟರ್‌ಗಳು; ಅವುಗಳೊಳಗೆ 155 ಡಿಗ್ರಿಯಲ್ಲಿ, ಒತ್ತಡದ ಬಲದಿಂದಷ್ಟೇ ದ್ರವವಾಗಿ ನಿಂತ ಸೈಕ್ಲೋಹೆಕ್ಸೇನ್. 1974ರ ಮಾರ್ಚ್ ಕೊನೆಯಲ್ಲಿ ಐದನೆಯ ರಿಯಾಕ್ಟರಿನಲ್ಲಿ ಸುಮಾರು ಆರಡಿ ಉದ್ದದ ಬಿರುಕು ಕಂಡಿತು. ಅದನ್ನು ಹೊರತೆಗೆದು, ನಾಲ್ಕನ್ನೂ ಆರನ್ನೂ 20 ಇಂಚಿನ ಪೈಪಿನಿಂದ ಜೋಡಿಸಿದರು. ಎರಡರ ಎತ್ತರ ಬೇರೆಯಾದ್ದರಿಂದ ಪೈಪನ್ನು ಸೊಟ್ಟಗೆ ಬೆಸೆಯಬೇಕಾಯಿತು. ಅದಕ್ಕೆ ಹಾಕಿದ ನಕ್ಷೆ ಯಾವುದು ಗೊತ್ತೇ? ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರ. ಆಧಾರಕ್ಕೆ ಸ್ಕ್ಯಾಫೋಲ್ಡಿಂಗ್ ಕಂಬಗಳು. ವರ್ಕ್ಸ್ ಇಂಜಿನಿಯರ್ ಹುದ್ದೆ ಆಗ ಖಾಲಿಯಿತ್ತು. ಸೊಟ್ಟ ಪೈಪಿನ ಎರಡು ತುದಿಗಳಲ್ಲಿ ಒತ್ತಡ ಯಾವ ಕಡೆ ತಿರುಚುತ್ತದೆ ಎಂದು ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ಏಪ್ರಿಲ್ 1ಕ್ಕೆ ಪ್ಲಾಂಟು ಮತ್ತೆ ಶುರುವಾಯಿತು.

ಜೂನ್ 1, ಶನಿವಾರ ಸಂಜೆ ಐದಕ್ಕೆ ಇನ್ನೇನು ಕೆಲವು ನಿಮಿಷಗಳಿರುವಾಗ ಆ ಪೈಪು ಹರಿದುಹೋಯಿತು. ಹೊರನುಗ್ಗಿದ ಹತ್ತಾರು ಟನ್ ಆವಿಗೆ ಕಿಡಿ ತಗುಲಿತು. ಸತ್ತ 28 ಜನರಲ್ಲಿ 18 ಮಂದಿ ಕಂಟ್ರೋಲ್ ರೂಮಿನಲ್ಲಿದ್ದವರು. ಕೆಲಸದ ದಿನವಾಗಿದ್ದರೆ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ.

ನನ್ನ ಮನಸ್ಸಿನಿಂದ ಹೋಗದಿರುವುದು ಸ್ಫೋಟಕ್ಕಿಂತ ಆ ಸೀಮೆಸುಣ್ಣದ ಚಿತ್ರ. ಅದನ್ನು ಬರೆದವರು ದುಷ್ಟರಲ್ಲ, ಸೋಮಾರಿಗಳೂ ಅಲ್ಲ. ನಿಂತ ಪ್ಲಾಂಟನ್ನು ಬೇಗ ಓಡಿಸಬೇಕೆಂದು ರಾತ್ರಿ ಹಗಲು ದುಡಿದವರು. ನಮ್ಮ ಯಾವ ಕಾರ್ಖಾನೆಯಲ್ಲಿ ಅಂಥವರಿಲ್ಲ? “ಸದ್ಯಕ್ಕೆ ಹೀಗೆ ಮಾಡೋಣ, ಆಮೇಲೆ ನೋಡೋಣ” ಎಂಬ ಮಾತನ್ನು ಕೇಳದ ಶಿಫ್ಟ್ ಯಾವುದು?

ಫ್ಲಿಕ್ಸ್‌ಬರೋದ ನಂತರ ಬೇರೂರಿದ ಶಿಸ್ತಿಗೆ ಕಾರ್ಖಾನೆಗಳಲ್ಲಿ ‘ಎಂಓಸಿ’ (ಮ್ಯಾನೇಜ್‌ಮೆಂಟ್ ಆಫ್ ಚೇಂಜ್) ಎಂದು ಹೆಸರು. ಪೈಪಿನ ದಾರಿ, ಗ್ಯಾಸ್ಕೆಟಿನ ಜಾತಿ, ಅಲಾರ್ಮಿನ ಅಂಕಿ, ಯಾವುದನ್ನು ಬದಲಿಸಿದರೂ ಫಾರಂ ತುಂಬಬೇಕು, ಅಪಾಯ ನೋಡಬಲ್ಲವರು ಸಹಿ ಹಾಕಬೇಕು, ತಾತ್ಕಾಲಿಕವಾದರೆ ತೆಗೆಯುವ ದಿನಾಂಕವನ್ನೂ ಬರೆಯಬೇಕು. ಬದಲಾವಣೆ ದೊಡ್ಡದಾದರೆ ಅದೇ ಪ್ರಶ್ನೆಗಳ ಸಾಲನ್ನು ಮತ್ತೆ ಹಿಡಿಯಬೇಕು. ಕೈಝೆನ್ ಎಂದು ನಾವು ಪೋಸ್ಟರ್ ಅಂಟಿಸುವ ಪುಟ್ಟ ಪುಟ್ಟ ಸುಧಾರಣೆಗಳಿಗೂ ರಾಸಾಯನಿಕ ಕಾರ್ಖಾನೆಯಲ್ಲಿ ಈ ಬಾಗಿಲು ದಾಟದೆ ಒಳಗೆ ಪ್ರವೇಶವಿರಬಾರದು. ಸುಧಾರಣೆ ಅಂದುಕೊಂಡದ್ದೂ ಒಂದು ಬದಲಾವಣೆಯೇ.

ಭೋಪಾಲದ್ದು ಇನ್ನೊಂದು ಬಗೆಯ ಬದಲಾವಣೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯ 610ನೇ ಟ್ಯಾಂಕಿನಲ್ಲಿದ್ದ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್‌ಗೆ ನೀರು ಸೇರಿತು. ಹ್ಯಾಝಾಪ್ ಭಾಷೆಯಲ್ಲಿ ‘ಜೊತೆಗೆ ಇನ್ನೇನೋ’. ಅದನ್ನು ತಡೆಯಲು, ತಗ್ಗಿಸಲು ಕಟ್ಟಿದ ಏರ್ಪಾಡುಗಳೆಲ್ಲ ನಕ್ಷೆಯಲ್ಲಿದ್ದವು. ಆದರೆ ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲ ಸುಡುವ ಫ್ಲೇರಿನ ಪೈಪಿನ ತುಂಡೊಂದನ್ನು ರಿಪೇರಿಗೆಂದು ಬಿಚ್ಚಿದ್ದರು. ಅನಿಲ ತೊಳೆಯುವ ಸ್ಕ್ರಬ್ಬರಿಗೆ ಅಷ್ಟು ದೊಡ್ಡ ಪ್ರವಾಹವನ್ನು ತಡೆಯುವ ಶಕ್ತಿಯಿರಲಿಲ್ಲ. ಆ ದ್ರವ ಹೊರಗಿನಿಂದ ತಂದ ಕಚ್ಚಾವಸ್ತುವಲ್ಲ, ಮಾರುವ ಸರಕೂ ಅಲ್ಲ, ನಡುವಿನ ಒಂದು ಹಂತ. ಅಷ್ಟೊಂದನ್ನು ಕೂಡಿಡುವುದು ಅನುಕೂಲವಾಗಿತ್ತೇ ಹೊರತು ಅನಿವಾರ್ಯವಾಗಿರಲಿಲ್ಲ ಎಂದು ಕ್ಲೆಟ್ಜ್ ಬರೆದರು. ಸಾವಿರಾರು ಬಡವರನ್ನು ಬಲಿತೆಗೆದುಕೊಂಡ ಆ ರಾತ್ರಿಗೆ ಸಂಬಂಧಿಸಿ ನನಗೆ ಅತ್ಯಂತ ಮುಖ್ಯವೆನಿಸಿದ ಮಾತು ಇದೇ.

ಭೋಪಾಲದಿಂದಾಗಿ ನಮ್ಮ ಕಾನೂನು ಬದಲಾಯಿತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಒಂದು ಅಧ್ಯಾಯವನ್ನೇ ಸೇರಿಸಿದರು. ಅದರ 41ಜಿ ಕಲಂ, ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿ ಕೂರುವ ಸುರಕ್ಷತಾ ಸಮಿತಿ ಇರಬೇಕೆಂದಿತು. 41ಎಚ್ ಕಲಂ, ಜೀವಕ್ಕೆ ಅಪಾಯ ಹತ್ತಿರದಲ್ಲಿದೆ ಎನ್ನಿಸಿದರೆ ಅದನ್ನು ಮ್ಯಾನೇಜರಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕನ್ನು ಕಾರ್ಮಿಕನ ಕೈಗಿಟ್ಟಿತು. ಮಂಗಳೂರಿನ ಬೈಕಂಪಾಡಿಯಲ್ಲಾಗಲಿ, ಬೀದರಿನ ಕೊಳಾರದಲ್ಲಾಗಲಿ, ಯಾದಗಿರಿಯ ಕಡೇಚೂರಿನಲ್ಲಾಗಲಿ ಡ್ರಮ್ಮು ಉರುಳಿಸುವ ಹುಡುಗನಿಗೆ ಇಂಥದ್ದೊಂದು ಹಕ್ಕಿನ ಸುದ್ದಿ ಅವನ ಭಾಷೆಯಲ್ಲಿ ತಲುಪಬೇಕಿತ್ತು. ಗುತ್ತಿಗೆಯ ಮೇಲೆ ದೂರದಿಂದ ಬಂದವನಾದರೆ ಇನ್ನೂ ಹೆಚ್ಚಾಗಿ.

ಕಾರ್ಮಿಕನ ದನಿಯ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಗಳ ಹಿಂದೆ ಕರಾವಳಿಯ ಒಂದು ಕಾರ್ಖಾನೆಯ ಹ್ಯಾಝಾಪ್ ಸಭೆಯಲ್ಲಿ ಮೂಲೆಯಲ್ಲಿ ಕೂತಿದ್ದೆ. ಎರಡು ಗಂಟೆಯಿಂದ ಚರ್ಚೆ ನಡೆದಿತ್ತು. ಒಂದು ನಾನ್ ರಿಟರ್ನ್ ವಾಲ್ವ್ ಇದೆಯಲ್ಲ, ಉಲ್ಟಾ ಹರಿಯುವ ಪ್ರಶ್ನೆಯೇ ಇಲ್ಲ ಎಂದು ಎಲ್ಲರೂ ಒಪ್ಪಿ ಮುಂದಿನ ಸಾಲಿಗೆ ಹೋಗುವವರಿದ್ದರು. ಅಷ್ಟರಲ್ಲಿ ತುದಿಯ ಕುರ್ಚಿಯ ಆಪರೇಟರ್ ಗಂಟಲು ಸರಿಮಾಡಿಕೊಂಡು, “ಸಾರ್, ಆ ವಾಲ್ವ್ ಈಗ ಅಲ್ಲಿಲ್ಲ. ಹೋದ ವರ್ಷ ಜಾಮ್ ಆಗ್ತಿತ್ತು ಅಂತ ತೆಗೆದು ಪೈಪ್ ತುಂಡು ಹಾಕಿದ್ದಾರೆ” ಎಂದರು. ಕೋಣೆ ಗಪ್‌ಚಿಪ್. ಸಭೆ ನಡೆಸುತ್ತಿದ್ದವರು ಪೆನ್ನು ಕೆಳಗಿಟ್ಟು, “ಬನ್ನಿ, ನೋಡಿ ಬರೋಣ” ಎಂದು ಹೆಲ್ಮೆಟ್ ಕೈಗೆತ್ತಿಕೊಂಡರು.

ಇಂಥ ಬದಲಾವಣೆ ಎಲ್ಲೆಡೆ ಸಕಾಲಕ್ಕೆ ಕಣ್ಣಿಗೆ ಬೀಳುವುದಿಲ್ಲ. 2020ರ ಮೇ 7ರ ನಸುಕಿನಲ್ಲಿ, ಲಾಕ್‌ಡೌನಿನಿಂದ ನಿಂತಿದ್ದ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ವೆಂಕಟಾಪುರದ ಮನೆಗಳಿಗೆ ನುಗ್ಗಿ 12 ಜನ ಸತ್ತರು. ಟ್ಯಾಂಕಿನ ಮೇಲ್ಭಾಗ ಬಿಸಿಯೇರುತ್ತಿದ್ದರೂ ಉಷ್ಣತೆ ಅಳೆಯುತ್ತಿದ್ದುದು ತಳದಲ್ಲಿ ಮಾತ್ರ. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಬೊಟ್ಟು ಮಾಡಿದ ಕಾರಣಗಳಲ್ಲಿ ಇನ್ನೊಂದೂ ಇತ್ತು: ದ್ರವವನ್ನು ಮೇಲಕ್ಕೂ ಕೆಳಕ್ಕೂ ಕಲಕಬೇಕಿದ್ದ ಪೈಪಿನ ಏರ್ಪಾಡನ್ನು ಅದರ ಹಿಂದಿನ ಡಿಸೆಂಬರಿನಲ್ಲಿ ಬದಲಿಸಿದ್ದರು.