ಏಲಕ್ಕಿ ತಳಿಸಂಗ್ರಹಕ್ಕೆ ಸಸ್ಯಚಿತ್ರದ ದಾಖಲೆ

ಕೊಡಗಿನ ಏಲಕ್ಕಿ ತೋಟಗಳಲ್ಲಿ ಒಂದು ಬುಡದಂತೆ ಇನ್ನೊಂದು ಇರುವುದಿಲ್ಲ. ಒಂದು ಹೆಚ್ಚು ಕಾಯಿ ಕೊಟ್ಟರೆ ಮತ್ತೊಂದು ರೋಗವನ್ನು ತಡೆದು ನಿಲ್ಲುತ್ತದೆ. ಇಂತಹ ಆಯ್ದ ಬುಡಗಳನ್ನು ಮಡಿಕೇರಿ ಸಮೀಪದ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಲ್ಲಿ ಸಂಗ್ರಹಿಸಿ ಬೆಳೆಸಲಾಗುತ್ತಿದೆ. ಕಟ್ಟೆ ರೋಗ ನಿರೋಧಕ ತಳಿಯಾದ ‘ವಿಜೇತ’ ದೊರೆತದ್ದು ಇಂತಹ ಆಯ್ಕೆಯಿಂದಲೇ.

ಏಲಕ್ಕಿಯಲ್ಲಿ ಜೇನುನೊಣಗಳಿಂದ ಪರಕೀಯ ಪರಾಗಸ್ಪರ್ಶವಾಗುವುದರಿಂದ ಬೀಜದ ಸಸಿಗಳು ತಾಯಿಗಿಡವನ್ನು ಹೋಲುವುದಿಲ್ಲ. ಆದುದರಿಂದ ಆಯ್ದ ಬುಡವನ್ನು ಕಂದುಗಳಿಂದಲೇ ಉಳಿಸಿಕೊಳ್ಳಬೇಕು. ಆದರೆ ಹೇನುಗಳು ಹರಡುವ ಕಟ್ಟೆ ನಂಜುರೋಗ ತಗುಲಿದರೆ ಅದಕ್ಕೆ ಔಷಧಿಯಿಲ್ಲ; ಬುಡವನ್ನು ಕಿತ್ತು ನಾಶಪಡಿಸಬೇಕು. ಹೀಗೆ ಕಳೆದುಹೋದ ಬುಡ ಎಂತಹುದಾಗಿತ್ತೆಂದು ತಿಳಿಸಲು ದಾಖಲೆಯೊಂದೇ ಉಳಿಯುತ್ತದೆ.

ಚಿತ್ರವೇ ಏಕೆ?

ಒಣಗಿಸಿ ಒತ್ತಿದ ಮಾದರಿಯಲ್ಲಿ ಹೂವಿನ ಬಣ್ಣ ಮಾಸುತ್ತದೆ, ಗೊಂಚಲಿನ ನಿಲುವು ಅಳಿಯುತ್ತದೆ. ಏಲಕ್ಕಿಯ ವಿಧಗಳನ್ನು ಗುರುತಿಸುವುದೇ ಈ ನಿಲುವಿನಿಂದ: ಮಲಬಾರ್ ವಿಧದಲ್ಲಿ ಹೂಗೊಂಚಲು ನೆಲದ ಮೇಲೆ ಹರಡುತ್ತದೆ, ಮೈಸೂರು ವಿಧದಲ್ಲಿ ನೆಟ್ಟಗೆ ನಿಲ್ಲುತ್ತದೆ, ವಳುಕ್ಕದಲ್ಲಿ ಇವೆರಡರ ನಡುವೆ ಬಾಗಿರುತ್ತದೆ. ಛಾಯಾಚಿತ್ರವು ಒಂದು ಗಿಡದ ಒಂದು ಕ್ಷಣವನ್ನು ತೋರಿಸುತ್ತದೆ. ಸಸ್ಯಚಿತ್ರವಾದರೋ ಬೇರೆಬೇರೆ ಸಮಯದಲ್ಲಿ ಕಾಣುವ ಎಲೆ, ಹೂ, ಕಾಯಿ ಹಾಗೂ ಕಾಯಿಯ ಸೀಳುನೋಟವನ್ನು ಒಂದೇ ಹಾಳೆಯಲ್ಲಿ ಅಳತೆಯೊಡನೆ ಕೊಡುತ್ತದೆ.

ಇದು ಹೊಸ ಪದ್ಧತಿಯಲ್ಲ. ಕೊಚ್ಚಿಯ ಡಚ್ಚರ ಅಧಿಕಾರಿ ವ್ಯಾನ್ ರೀಡ್ ಸಿದ್ಧಪಡಿಸಿದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಏಲಕ್ಕಿಗೆ ಕೊಟ್ಟ ‘ಎಲೆಟ್ಟರಿ’ ಎಂಬ ಹೆಸರೇ ಇಂದಿನ ಶಾಸ್ತ್ರೀಯ ನಾಮ ‘ಎಲೆಟೇರಿಯ’ಕ್ಕೆ ಮೂಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಗಿಡಗಳನ್ನು ನೋಡಿ ಚಿತ್ರಿಸಿದ್ದರು.

ರೈತರು ಮಾಡಬಹುದಾದ ಕ್ರಮಗಳು

1. ತೋಟದಲ್ಲಿ ಉತ್ತಮವೆನಿಸಿದ ಬುಡಕ್ಕೆ ಸಂಖ್ಯೆಯ ಫಲಕ ಕಟ್ಟಿ, ಅದೇ ಸಂಖ್ಯೆಯನ್ನು ಚಿತ್ರದ ಹಾಳೆಯ ಮೇಲೂ ಬರೆಯಬೇಕು.

2. ಹೂವು ಬೇಗನೆ ಬಾಡುವುದರಿಂದ ಬೆಳಿಗ್ಗೆಯೇ ಗಿಡದ ಬಳಿ ಕುಳಿತು ಬಿಡಿಸಬೇಕು. ಬಿಳಿಯ ದಳದ ಮೇಲಿನ ನೇರಳೆ ಗೆರೆಗಳನ್ನು ಕಂಡಂತೆಯೇ ಬರೆಯಬೇಕು, ಅಂದಕ್ಕಾಗಿ ತಿದ್ದಬಾರದು.

3. ಎಲೆಯ ಉದ್ದ, ಅಗಲ, ಕಾಯಿಯ ಗಾತ್ರಗಳನ್ನು ಅಳತೆಪಟ್ಟಿಯಿಂದ ಅಳೆದು ಸೆಂಟಿಮೀಟರಿನಲ್ಲಿ ನಮೂದಿಸಬೇಕು.

4. ದಿನಾಂಕ, ಊರು, ನೆರಳಿನ ಮರಗಳು, ಇಳುವರಿಯನ್ನು ಬದಿಯಲ್ಲಿ ಬರೆದಿಡಬೇಕು.

ಚಿತ್ರಕಲೆ ಬಲ್ಲ ಶಾಲಾ ಮಕ್ಕಳ ನೆರವನ್ನೂ ಪಡೆಯಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರ ತಳಿಗಳ ನೋಂದಣಿಗೆ ಅವಕಾಶವಿದೆ. ಆಗ ತಳಿಯ ಗುಣಲಕ್ಷಣಗಳನ್ನು ವಿವರಿಸಲು ಇಂತಹ ದಾಖಲೆ ನೆರವಾಗುತ್ತದೆ. ಈ ಬಗ್ಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಚಿತ್ರದಿಂದ ಸತ್ತ ಗಿಡ ಚಿಗುರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆದುದರಿಂದ ರೋಗವಿಲ್ಲದ ಬುಡದ ಕಂದುಗಳನ್ನು ದೂರದ ಎರಡು ಕಡೆ ನೆಟ್ಟು, ಹಾಳೆಯನ್ನು ಮಳೆಗಾಲದ ತೇವ ತಾಗದಂತೆ ಜೋಪಾನ ಮಾಡುವುದು ಕ್ಷೇಮ.